ಬಾಣಂತಿ ಮುತ್ತಜ್ಜಿಗೆ, ಆ ಗಂಟಿನ ಬಗ್ಗೆ

ಗದಗ, ೩೦ ಫೆಬ್ರವರಿ ೨೧೨೨

ಮುತ್ತಜ್ಜಿ ಮಂದಾಕಿನಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬಡ ಫೆಬ್ರವರಿಗೆ ನಾವು ಎರಡು ದಿನ ದಾನ ಮಾಡಿದ್ದೇವೆ. ಮೂವತ್ತೊಂದು ವರ್ಷದ ನಿಮ್ಮನ್ನು ಮೂವತ್ತಮೂರರ ನಾನು ಮುತ್ತಜ್ಜಿ ಎಂದು ಕರೆಯುವುದಕ್ಕೂ ಕ್ಷಮೆ ಇರಲಿ. ಏನು ಮಾಡಲಿ, ನಿಮ್ಮ ತೊಡೆಯ ಮೇಲೆ ಬಾಯಿ ಚಪ್ಪರಿಸುತ್ತಿರುವ ನಾಲ್ಕು ತಿಂಗಳ ಇಂಚರ ನನ್ನ ಅಜ್ಜಿ.

ನನಗೀಗ ಏಳು ತಿಂಗಳು. ನಿನ್ನೆ ಸೀಮಂತವಾಯಿತು. ನಮ್ಮ ಕಾಲದಲ್ಲಿ ಹಸಿರು ಬಳೆಗಳೆಲ್ಲ ಮುಗಿದ ಮೇಲೆ ಬಳೆಗಾತಿ ಒಂದು ‘ಕೇಳ್ಬಳೆ’ ತೆಗೆಯುತ್ತಾಳೆ. ಅದನ್ನು ಎದೆಯ ಸುತ್ತ ಮೆಲ್ಲಗೆ ಓಡಾಡಿಸುತ್ತಾಳೆ. ನಿಮ್ಮ ಅಲ್ಟ್ರಾಸೌಂಡಿನ ಮೊಮ್ಮಗಳು ಅನ್ನಿ. ಸದ್ದು ಕಳಿಸಿ, ಒಳಗೆ ಗಂಟಿದ್ದರೆ ಅದರ ಮರುಸದ್ದು ಕೇಳುತ್ತದೆ. ಹೊಟ್ಟೆಯ ಕೂಸಿಗೆ ಏನೂ ತೊಂದರೆಯಿಲ್ಲ. ಹೆರಿಗೆಯಾದ ಮೇಲೂ ಬಾಣಂತಿಗೆ ಇದೇ ಶಾಸ್ತ್ರ, ಕೂಸಿಗೆ ಹಾಲೂಡಿಸಿ ಎದೆ ಹಗುರಾದ ಕೂಡಲೇ. ಹೆಂಗಸರು ಸುತ್ತ ಕೂತು ಹಾಡುತ್ತಾರೆ, ಬಳೆಗಾತಿ ನಿಲ್ಲಿಸಿರೆಂದು ಗದರುತ್ತಾಳೆ, ಯಾರೂ ನಿಲ್ಲಿಸುವುದಿಲ್ಲ. ಸಿಹಿ ಮಾದಲಿ ತಿನ್ನುವುದು ಆಮೇಲೆ.

ನಿಮ್ಮ ಕಾಲದಲ್ಲಿ ಬಾಣಂತಿಗೆ ಏನೇ ಆದರೂ ಹಾಲೇ ಹೊಣೆ. ಎಡಗಡೆ ಗಂಟು ಸಿಕ್ಕಾಗ ನಿಮ್ಮವ್ವ, ಹಾಲು ಕಟ್ಟಿದೆ ಎಂದು ಎಲೆಕೋಸಿನ ಎಲೆ ಇಟ್ಟರು. ಇಂಚರ ಎಡಗಡೆ ಕುಡಿಯಲೊಲ್ಲೆನೆಂದು ಮುಖ ತಿರುಗಿಸಿದಾಗ ನಿಮ್ಮ ಯಜಮಾನರು, ಕೂಸು ಬಲಪಂಥ ಸೇರಿತೆಂದು ನಗಾಡಿದರು. ಆ ಕಥೆ ಕೇಳಿ ನಾನೂ ನಕ್ಕೆ. ನಿಮಗೆ ಬಾಣಂತಿ ನೀರು ಎರೆಯಲು ಬರುವ ಹುಲಿಗೆವ್ವ ಮಾತ್ರ ನಗಲಿಲ್ಲ. ಮೂರು ವಾರ ಎಣ್ಣೆ ಹಚ್ಚಿ ನೀವಿದ ಮೇಲೆ ಅವಳು ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅಜ್ಜಿ ದೊಡ್ಡವಳಾದ ಮೇಲೆ ಅವಳಿಗೆ ಹುಲಿಗೆವ್ವನೇ ಹೇಳಿದಳಂತೆ.

“ಹಾಲಿನ ಗಂಟು ಕೈಗೆ ಕರಗತೈತಿ ತಂಗೀ. ಇದು ಕೈಗೇ ಎದುರು ನಿಲ್ಲತೈತಿ. ತೋರಿಸಿಕೊಂಡು ಬಾ.”

ನೀವು ಡಾಕ್ಟರ ಹತ್ತಿರ ಹೋದಿರಿ, ಸ್ಕ್ಯಾನಿಂಗಿಗೆ ಚೀಟಿ ಬರೆಸಿಕೊಂಡಿರಿ. ಮನೆಗೆ ಬಂದು, ಕೂಸು ಹಾಲು ಬಿಡಲಿ, ಆಗ ನೋಡೋಣ ಎಂದಿರಿ. ಪರೀಕ್ಷೆ ಮಾಡಿಸಿದರೆ ಹಾಲು ಕೆಡುತ್ತದೆಂದು ಯಾರೋ ಹೆದರಿಸಿದ್ದರು. ಕೆಡುವುದಿಲ್ಲ ಮುತ್ತಜ್ಜಿ, ಹಾಲಿನ ನೆಪದಲ್ಲಿ ಹಾಳಾಗುವುದು ಕಾಲ. ಬಾಣಂತಿಯರ ಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿ, ನಿಜ. ಆದರೆ ಹಾಗೆಂದು ಸರ್ಟಿಫಿಕೇಟ್ ಕೊಡುವ ಅಧಿಕಾರ ಎಲೆಕೋಸಿಗೆ ಯಾರು ಕೊಟ್ಟರು? ಆ ಚೀಟಿ ಇಂದು ನನಗೆ ಸಿಕ್ಕಿತು, ಅಜ್ಜಿಯ ಚುಚ್ಚುಮದ್ದಿನ ಕಾರ್ಡಿನೊಳಗೆ, ನಾಲ್ಕು ಮಡಿಕೆಯಲ್ಲಿ, ಸ್ಕ್ಯಾನಿಂಗ್ ಸೆಂಟರಿನ ಮೊಹರು ಬೀಳದೆ.

ನಿಮ್ಮ ದನಿಯ ಹದಿನೇಳು ತುಣುಕು ನಮ್ಮಲ್ಲಿವೆ. ಎಲ್ಲವೂ ಜೋಗುಳ. ಕೂಸಿಗೆ ಎರಡು ವರ್ಷವಾಗುವ ಮೊದಲೇ ಅವು ಮುಗಿದುಹೋಗುತ್ತವೆ. ಹೋಮ್‌ವರ್ಕ್ ಮಾಡದ ಇಂಚರಳನ್ನು ನೀವು ಬೈಯುವುದು ಒಂದರಲ್ಲೂ ಇಲ್ಲ. ನನಗೆ ಅದು ಬೇಕು. ನಾಳೆ ಬೆಳಿಗ್ಗೆ ಕೂಸಿಗೆ ಹಾಲೂಡಿಸಿ, ಚೀಟಿ ಹಿಡಿದು ಹೊರಡಿ. ನೀವು ಹೋದರೆ ನನಗೆ ಈ ಪತ್ರ ಬರೆಯುವ ಪ್ರಸಂಗವೇ ಬರುವುದಿಲ್ಲ, ಬರದಿರಲಿ. ನಮ್ಮಜ್ಜಿ ನಿಮ್ಮಿಂದ ಬೈಸಿಕೊಂಡು ಬೆಳೆಯಲಿ.

ನಿಮ್ಮ ಮರಿಮಗಳು,
ಮೈನಾ