ಎರಡನೇ ಡಬ್ಬಿ

ಹುಮನಾಬಾದ
9 ಫೆಬ್ರುವರಿ 2025

ಪ್ರೀತಿಯ ಮಗಳು ಸರಿತಾಳಿಗೆ,

ಜೈಭೀಮ. ನಿನ್ನವ್ವ ಎಂಜಿನ್ ಎಣ್ಣೆ ಅಂಗಡಿಯ ಗಲ್ಲಾ ಮುಂದೆ ಕೂತು, ಗಿರಾಕಿ ಇಲ್ಲದ ಹೊತ್ತು ನೋಡಿ ಬರೆಯುತ್ತಿದ್ದಾಳೆ. ನಾವಿಬ್ಬರೂ ಆರಾಮ ಇದ್ದೇವೆ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ನಾನು ಆರಾಮ ಇದ್ದೇನೆ, ನಿನ್ನ ಅಪ್ಪ ಇಲ್ಲ. ಹೊಸ ವರ್ಷಕ್ಕೇ ಬರೆಯಬೇಕೆಂದು ಕಾಗದ ತಂದಿದ್ದೆ. ಅದರ ಮೇಲೆ ಗ್ರೀಸಿನ ಡಬ್ಬಿ ಇಟ್ಟು ಹಾಳು ಮಾಡಿ, ಇನ್ನೊಂದು ತಂದು, ಅದನ್ನೂ ಹಾಗೇ ಬಿಟ್ಟೆ. ತಡವಾದದ್ದಕ್ಕೆ ಬಯ್ಯಬೇಡ, ಬಯ್ಯುವುದಕ್ಕೆ ಬೇರೆ ಕಾರಣ ಮುಂದಿದೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ನಾನು ಫೋನ್ ಹಿಡಿದರೆ ಸಾಕು, ಪಕ್ಕದ ಗ್ಯಾರೇಜಿನಿಂದ ನಿನ್ನ ಅಪ್ಪ ಎದ್ದು ಬಂದು "ಸರಿತಾನೇನ?" ಎಂದು ನಿಲ್ಲುತ್ತಾರೆ. ಮಾತಾಡಿ ಎಂದು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ನನ್ನ ಬಾಯಿಯಿಂದ ನಿನ್ನ ಮಾತು ಕೇಳಿ ಹೋಗುತ್ತಾರೆ.

ಸುತ್ತು ಬಳಸಿ ಹೇಳಲು ನನಗೆ ಬರುವುದಿಲ್ಲ. ಕೊಯಮತ್ತೂರಿನ ರೇಸಿನಲ್ಲಿ ನಿನ್ನ ಕಾರಿನ ಎಂಜಿನ್ ಒಡೆದದ್ದು ಅಪ್ಪನ ಕೈಯಿಂದ ಅಲ್ಲ. ಎರಡನೇ ಡಬ್ಬಿಯ ಎಣ್ಣೆ ಸುರಿದವಳು ನಾನು.

ಆ ಎಂಜಿನ್ ಕಟ್ಟುವಾಗ ಎಣ್ಣೆಯ ಮೇಲೆ ನೀವಿಬ್ಬರೂ ಆಡಿದ ಜಗಳ ನೆನಪಿದೆಯಾ? "ಗಾಡಿ ಕಾದ ಮ್ಯಾಲ ತೆಳು ಎಣ್ಣಿ ನೀರಾಗ್ತದವ್ವಾ, ದಪ್ಪಂದು ಹಾಕೋಣು" ಎಂದು ಅವರು. "ನೀ ಬೇರಿಂಗ್ ಎಷ್ಟ ಬಿಗಿ ಕೂಡಿಸೀದಿ ನೋಡಪ್ಪಾ, ಆ ಸಂದಿನಾಗ ದಪ್ಪ ಎಣ್ಣಿ ಲಗೂನ ಹೋಗಂಗಿಲ್ಲ" ಎಂದು ನೀನು. ಮರುದಿನ ಅವರು ಆ ಸಂದನ್ನು ಅಳೆಯುತ್ತಾ ಕೂತರು. ಸಂಜೆಗೆ ಚಹಾದಂಗಡಿಯಲ್ಲಿ ಕಂಡ ಕಂಡವರಿಗೆಲ್ಲ "ನಮ್ಮ ಸರಿತಾನ ಮಾತೇ ಖರೆ ಅದ" ಎಂದು ಹೇಳಿಕೊಂಡು ಬಂದರು. ಮಗಳ ಮುಂದೆ ಸೋತದ್ದಕ್ಕೆ ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ನೋಡಿಲ್ಲ.

ಒಪ್ಪದೇ ಉಳಿದವಳು ನಾನು. ಮದುವೆಯಾಗಿ ಬಂದಾಗಿನಿಂದ ಈ ಹೈವೇ ಮೇಲೆ ಲಾರಿಯವರಿಗೆ ಎಣ್ಣೆ ಮಾರುತ್ತಿರುವ ನನಗೆ ಯಾರು ಏನು ಕಲಿಸಬೇಕು ಎನ್ನುವ ಸೊಕ್ಕು. ಸೊಲ್ಲಾಪುರದ ಕಡೆ ಹೊರಟ ಪ್ರತಿ ಡ್ರೈವರಿಗೂ ನಾನು ಹೇಳುವುದು ಒಂದೇ: "ಕಡ್ಡಿ ಗೆರಿ ಮ್ಯಾಲ ಒಂದ್ ಬಟ್ಟ ಎಣ್ಣಿ ಹೆಚ್ಚಿಗಿ ಇರ್ಲಿರಿ, ಕಡಿಮಿ ಆದ್ರ ಸಾಯ್ತದ, ಹೆಚ್ಚಾದ್ರ ಏನಾಗ್ತದ?" ಊಟಕ್ಕೆ ಕೂತವರು ಸಾಕೆಂದು ಕೈ ಅಡ್ಡ ಹಿಡಿದರೂ ಬಡಿಸುವವಳು ನಾನು, ಎಂಜಿನ್ನಿಗೆ ಬಿಡುತ್ತೇನೆಯೇ?

ರೇಸಿನ ದಿನ ನೀನು ಡ್ರೈವರುಗಳ ಮೀಟಿಂಗಿಗೆ ಹೋಗಿದ್ದೆ. ಅಪ್ಪ ಎಣ್ಣೆ ಹಾಕಿದರು. ಉದ್ದ ತಿರುವಿನಲ್ಲಿ ಎಣ್ಣೆ ಒಂದೇ ಕಡೆ ವಾಲುತ್ತದೆ, ಅದಕ್ಕೆ ಸ್ವಲ್ಪ ಮಾತ್ರ ಹೆಚ್ಚಿಗೆ ಇರಲಿ ಎಂದು ನೀನು ಹೇಳಿದ್ದೆಯಲ್ಲ, ಅಷ್ಟನ್ನೇ ಹಾಕಿ, ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ, ಕೈ ತೊಳೆಯಲು ಹೋದರು. ಬಾನೆಟ್ ತೆರೆದೇ ಇತ್ತು. ನಾನೂ ಕಡ್ಡಿ ಎಳೆದೆ. ಆ ತೆಳು ಎಣ್ಣೆ ಬಿಸಿಲಿನಲ್ಲಿ ಕಣ್ಣಿಗೇ ಬೀಳಲಿಲ್ಲ. ಇದು ನಾಲ್ಕು ಸುತ್ತು ಓಡುವುದರೊಳಗೆ ಉರಿದು ಹೋಗುತ್ತದೆ, ಒಳಗೆ ನನ್ನ ಮಗಳು ಕೂತಿರುತ್ತಾಳೆ ಅನ್ನಿಸಿತು. ಪಕ್ಕದಲ್ಲಿದ್ದ ಎರಡನೇ ಡಬ್ಬಿಯನ್ನು ಪೂರ್ತಿ ಸುರಿದು, ಮುಚ್ಚಳ ತಿರುವಿ, ಚೆಲ್ಲಿದ್ದನ್ನು ಸೆರಗಿನಿಂದ ಒರೆಸಿದೆ. ಮನಸ್ಸಿಗೆ ಎಷ್ಟು ಸಮಾಧಾನವಾಯಿತೆಂದರೆ, ನೀನು ಹೆಲ್ಮೆಟ್ ಹಾಕಿಕೊಂಡು ಬಂದಾಗ ನಗುತ್ತಾ ನಿಂತಿದ್ದೆ.

ಹೆಚ್ಚಾದ ಎಣ್ಣೆಯನ್ನು ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ, ಪಂಪು ಎಣ್ಣೆಯ ಬದಲು ನೊರೆ ಎಳೆಯುತ್ತದೆ, ಬೇರಿಂಗು ಒಣಗಿ ಹಿಡಿದುಬಿಡುತ್ತದೆ ಎಂದು ನೀನು ಆಮೇಲೆ ಕೂಗಾಡುತ್ತಾ ಹೇಳಿದಾಗಲೇ ನನಗೆ ತಿಳಿದದ್ದು. ಲಾರಿಯ ಎಂಜಿನ್ ಅಷ್ಟು ಜೋರಾಗಿ ತಿರುಗುವುದಿಲ್ಲ. ಆ ಲಾರಿಗಳು ನನ್ನ ಬುದ್ಧಿವಾದವನ್ನು ಇಷ್ಟು ವರ್ಷ ಹೇಗೋ ತಡೆದುಕೊಂಡು ಓಡಿವೆ.

ನಿನ್ನನ್ನು ತಮ್ಮ ತಂಡಕ್ಕೆ ಸೇರಿಸಿಕೊಳ್ಳಬೇಕೆಂದು ನೋಡಲು ಬಂದಿದ್ದ ಚೆನ್ನೈನವರು ಹೇಳದೆ ಕೇಳದೆ ಹೊರಟುಹೋದರು. ನೀನು ಖಾಲಿ ಡಬ್ಬಿ ಎತ್ತಿ ಹಿಡಿದು, ಎಲ್ಲರ ಎದುರು, "ಅಪ್ಪಾ, ಇದನ್ನೂ ಹಾಕಿದೇನ?" ಎಂದೆ. ಅವರು ಆ ಡಬ್ಬಿಯನ್ನು ತೆಗೆದುಕೊಂಡು ಅಲುಗಾಡಿಸಿ ನೋಡಿದರು. "ಹಾಕಿಲ್ಲ ಅನಸ್ತದವ್ವಾ. ಆದ್ರ ಡಬ್ಬಿ ಖಾಲಿ ಅದ. ಹಂಗಾರ ನಾನೇ ಹಾಕಿರಬೇಕು" ಎಂದರು.

"ನೆನಪ ಉಳಿಯಂಗಿಲ್ಲಂದ್ರ ಇನ್ನ ನನ್ನ ಗಾಡಿ ಮುಟ್ಟಬ್ಯಾಡ" ಎಂದೆ ನೀನು.

ನಾನು ಬಾಯಿ ಬಿಡಬೇಕಾಗಿದ್ದು ಆಗ. ಬಿಟ್ಟೆ, ಆದರೆ ಏನೆಂದು ಬಿಟ್ಟೆ? "ಹೌದವ್ವಾ, ಅವರು ಈಗೀಗ ಭಾಳ ಮರೀತಾರ. ಮೊನ್ನಿ ಕೊತ್ತಂಬರಿ ತರ್ರಿ ಅಂದ್ರ ಬರೇ ಕೈಲೆ ಬಂದ್ರು" ಎಂದೆ. ಅವತ್ತು ಬಜಾರಿನಲ್ಲಿ ಕೊತ್ತಂಬರಿಯೇ ಬಂದಿರಲಿಲ್ಲ, ಸರಿತಾ.

ಯಾಕೆ ಹಾಗಂದೆ ಎಂದು ಕೇಳುತ್ತೀ. ನಿನ್ನ ಕಣ್ಣು ನೋಡಿ ಹೆದರಿದೆ, ಅಷ್ಟೇ. ಆ ಸಿಟ್ಟು ನನ್ನ ಮೇಲೆ ತಿರುಗಬಾರದು ಅನ್ನಿಸಿತು. ನೀನು ಮೊದಲಿಂದಲೂ ಅಪ್ಪನ ಮಗಳು, ಅವರ ಮೇಲಾದರೆ ನಾಳೆ ನಾಡಿದ್ದು ಇಳಿದೀತು ಎಂದುಕೊಂಡೆ. ಇಳಿಯಲಿಲ್ಲ. ನೀನು ಪುಣೆಗೆ ಹೋಗಿ ಕಾರು ಕಲಿಸುವ ಕೆಲಸಕ್ಕೆ ಸೇರಿಕೊಂಡೆ. ಇಲ್ಲಿ ಇವರು ನನ್ನ ಮಾತನ್ನೇ ಹಿಡಿದುಕೊಂಡು ಕೂತರು.

ಈಗ ಎಣ್ಣೆ ಹಾಕಿದ ಪ್ರತಿ ಗಾಡಿಯ ಗಾಲಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು, "ಸುಮನಾ, ಗುರ್ತು ಎಣ್ಣಿ ಹಾಕಿದ ಮ್ಯಾಲ ಹಾಕೀನೋ, ಮೊದಲೇ ಹಾಕೀನೋ?" ಎಂದು ಕೇಳುತ್ತಾರೆ. ಎಂಜಿನ್ ಬಿಚ್ಚುವುದನ್ನು ಬಿಟ್ಟೇಬಿಟ್ಟರು. ಪಂಕ್ಚರ್ ಹಾಕುತ್ತಾರೆ, ಗ್ರೀಸ್ ಹಚ್ಚುತ್ತಾರೆ. ಬಸವಕಲ್ಯಾಣದಿಂದ ಬಸ್ಸಿನ ಮಾಲೀಕ ಬಸವಣಪ್ಪ ತಾವೇ ಬಂದಿದ್ದರು. ತಮ್ಮ ಬಸ್ಸುಗಳಿಗೆ ಬೇರೆ ಯಾರ ಕೈಯನ್ನೂ ತಾಗಿಸದ ಮನುಷ್ಯ.

"ಅಂಬಾದಾಸ, ನೀ ಒಲ್ಲೆ ಅಂದ್ರ ನಾ ಯಾರ ಕೈಯಾಗ ಕೊಡ್ಲೋ?" ಎಂದರು.

"ಕೈ ಅವ ರೀ ಸಾವ್ಕಾರ್ರ, ಭರೋಸಾ ಇಲ್ಲ" ಎಂದು ಇವರು ತಲೆ ತಗ್ಗಿಸಿದರು. ನಾನು ಒಳಗೆ ಡಬ್ಬಿಗಳ ಧೂಳು ಒರೆಸುತ್ತಾ ನಿಂತಿದ್ದೆ.

ಇನ್ನೂ ಹೇಳುತ್ತೇನೆ, ಕೇಳು. ಕಳೆದ ವಾರ ಅವರೇ "ನನಗ ಡಾಕ್ಟರಿಗಿ ತೋರಸು" ಎಂದರು. ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದೆ. ಏನೂ ಆಗದ ಗಂಡನನ್ನು ಮರೆವಿನ ಡಾಕ್ಟರ ಹತ್ತಿರ ಕೈಹಿಡಿದು ಕರೆದುಕೊಂಡು ಹೋದ ಹೆಂಗಸು ನಾನು. ಡಾಕ್ಟರು ತಾರೀಖು ಕೇಳಿದರು, ವಾರ ಕೇಳಿದರು, ನಿನ್ನೆ ಉಂಡದ್ದು ಕೇಳಿದರು, ಇವರು ಎಲ್ಲಕ್ಕೂ ಸರಿಯಾಗಿ ಹೇಳಿದರು. ನಿಮಗೆ ಬಾಯಿಪಾಠ ಇರುವುದು ಏನಾದರೂ ಹೇಳಿ ಎಂದರೆ, ಆರು ಸಿಲಿಂಡರಿನ ಲಾರಿ ಎಂಜಿನ್ ಉರಿಯುವ ಸರದಿ ಹೇಳಿದರು: "ಒಂದು, ಐದು, ಮೂರು, ಆರು, ಎರಡು, ನಾಕು." ಡಾಕ್ಟರು ನಕ್ಕು, "ನಿಮ್ಮ ತಲಿ ನನ್ನ ತಲಿಗಿಂತ ಛಲೋ ಅದ, ಮನಿಗಿ ಹೋಗ್ರಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು, ಹುಮನಾಬಾದ ಹತ್ತಿರ ಬಂದ ಮೇಲೆ, "ಡಾಕ್ಟರಿಗಿ ಏನ್ ಗೊತ್ತು ಸುಮನಾ? ಡಬ್ಬಿ ಖಾಲಿ ಇತ್ತಲ್ಲ" ಎಂದರು. ಆಗಲೂ ನಾನು ಸುಮ್ಮನಿದ್ದೆ. ಬಸ್ಸಿನಲ್ಲಿ ಜನ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದ ಮೇಲೆ ಜನ ಯಾರೂ ಇರಲಿಲ್ಲ.

ಹೊಸ ಎಂಜಿನನ್ನು ಪುಣೆಯ ಗ್ಯಾರೇಜಿನಲ್ಲಿ ಕಟ್ಟಿಸುತ್ತೇನೆಂದು ನೀನು ವಾಟ್ಸಾಪಿನಲ್ಲಿ ಹಾಕಿದ್ದನ್ನು ಅವರೂ ಓದಿದರು. "ಛಲೋ ಆತು" ಎಂದರು. ನನ್ನದೊಂದು ಕೋರಿಕೆ. ಅದನ್ನು ಅಲ್ಲಿ ಕೊಡಬೇಡ. ಇಲ್ಲಿಗೆ ತಗೊಂಡು ಬಾ. ಅಪ್ಪನ ಮುಂದಿಟ್ಟು ಕಟ್ಟು ಎನ್ನು. ಅವರು ಒಲ್ಲೆ ಅನ್ನುತ್ತಾರೆ. ಆಗ ನಾನು ನಿಮ್ಮಿಬ್ಬರ ಎದುರು ನಿಂತು ಎಲ್ಲ ಹೇಳುತ್ತೇನೆ. ಯಾವ ಎಣ್ಣೆ, ಎಷ್ಟು ಎಂದು ನೀವೇ ಜಗಳಾಡಿಕೊಳ್ಳಿ, ನಾನು ಆ ಕಡೆ ಹಾಯುವುದಿಲ್ಲ. ನನ್ನನ್ನು ನೀನು ಏನು ಬೇಕಾದರೂ ಅನ್ನು, ಊರೆಲ್ಲ ಕೇಳುವ ಹಾಗೆ ಅನ್ನು. ಆ ಮನುಷ್ಯನಿಗೆ ತನ್ನ ಕೈಯ ಮೇಲೆ ತನಗೆ ನಂಬಿಕೆ ಬಂದರೆ ನನಗೆ ಅಷ್ಟೇ ಸಾಕು.

ಊಟ ಸರಿಯಾಗಿ ಮಾಡು. ಗಾಡಿಯಲ್ಲಿ ಬೆಲ್ಟು ಬಿಗಿಯಾಗಿ ಹಾಕಿಕೋ. ತಥಾಗತನ ಕರುಣೆ ಎಲ್ಲ ತಿರುವುಗಳಲ್ಲೂ ನಿನ್ನ ಜೊತೆ ಇರಲಿ.

ಇಂತು ನಿನ್ನ ತಪ್ಪಿತಸ್ಥ ಅವ್ವ,
ಸುಮನಬಾಯಿ

ತಾ.ಕ.: ನಿನ್ನೆ ಬರೆದು ಮುಗಿಸಿದ್ದೆ, ಲಕೋಟೆ ಅಂಟಿಸುವಾಗ ನಾಚಿಕೆಯಾಯಿತು. ಅವರ ವಿಷಯವನ್ನು ಅವರಿಗಿಂತ ಮೊದಲು ನಿನಗೆ ಹೇಳುವುದು ಯಾವ ನ್ಯಾಯ? ಇವತ್ತು ಬೆಳಿಗ್ಗೆ ಚಹಾ ಕೊಟ್ಟು, ಎದುರಿಗೆ ಕೂತು, ಒಂದನ್ನೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿದರು. ಬಯ್ಯಲಿ ಎಂದು ಕಾದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಸುಮನಾ, ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ. ನೀ ಸುಳ್ಳ ಹೇಳಾಕಿ ಅಲ್ಲ. ನೀನೇ ಇಷ್ಟ ದೊಡ್ಡ ಸುಳ್ಳ ಹೇಳಾಕತ್ತೀದಿ ಅಂದ್ರ, ನನ್ನ ತಲಿ ಭಾಳೇ ಕೆಟ್ಟದ ಅಂತ ತಿಳೀತು" ಎಂದರು. ನಿನ್ನ ಮೇಲೆ ಆಣೆ ಇಟ್ಟೆ. "ಮಗಳ ಮ್ಯಾಲ ಸುಳ್ಳ ಆಣಿ ಇಡಬ್ಯಾಡ" ಎಂದು ಎದ್ದು ಹೋದರು. ನೀನು ಬೇಗ ಬಾ, ಸರಿತಾ. ಅವರಿಗೆ ಮರೆವು ಎಂದು ನಾನು ಹೇಳಿದ್ದನ್ನು ಒಂದೇ ಸಲಕ್ಕೆ ನಂಬಿದರು, ಇದನ್ನು ನಂಬುತ್ತಿಲ್ಲ.