ಚೌಕದ ಕೆಳಗಿನ ಊರು

ಬಾಡಿಗೆ ಮನೆ, ಎರಡನೆಯ ಮಹಡಿ
ಮಾರ್ಚ್ ೯, ಭಾನುವಾರ

ಪ್ರೀತಿಯ ಸರಪಳಿ,

ಹೇಗಿದ್ದೀಯೋ? ಮೊಣಕಾಲು ಹೇಳಿದ ಮಾತು ಕೇಳುತ್ತಿದೆಯೇ? ಆಪರೇಷನ್ ಆಯಿತೆಂದು ನೀನು ಬರೆದು ನಾಲ್ಕು ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಬಿಸಿಲಿನ ಬಗ್ಗೆ ಬರೆದು ಹರಿದುಹಾಕಿದೆ. ನಕ್ಷೆ ಕಚೇರಿಯಲ್ಲಿ ಅಳೆಯುವ ಸರಪಳಿ, ಬಿಡಿಸುವ ಮಸಿಕುಡಿಕೆ ಎಂದು ಕರೆಸಿಕೊಂಡು ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ಉಂಡವನಿಗೆ ಬಿಸಿಲಿನ ಸುದ್ದಿ ಯಾವ ಸಂಪತ್ತಿಗೆ?

ವಿಷಯ ಇಷ್ಟು: ನಾನು ಆ ಊರಿಗೆ ಹೋಗಿ ಬಂದೆ. ನೀನು ಅಳೆದ, ನಾನು ಬಿಡಿಸಿದ ನಕ್ಷೆಯಲ್ಲಿ ಇಲ್ಲದ, ನಿನ್ನ ನೌಕರಿ ನುಂಗಿದ ಬೆಟ್ಟದ ಊರಿಗೆ. ಮಗಳಿಗೆ ಗಾಳಿ ಬದಲಾವಣೆಗೆ ಎಂದೆ. "ಹೆಸರಿರೋ ಜಾಗಕ್ಕೆ ಹೋಗಪ್ಪ, ರೂಮ್ ಬುಕ್ ಮಾಡ್ತೀನಿ" ಅಂದಳು. ಬಸ್ಸಿನಲ್ಲಿದ್ದ ಪ್ರವಾಸಿಗಳೆಲ್ಲ ಸೇತುವೆಯ ಹತ್ತಿರ ಇಳಿದು ಜಲಪಾತದ ಕಡೆ ನಡೆದರು. ನಾನೊಬ್ಬ ಎಡಕ್ಕೆ ತಿರುಗಿದೆ. "ಆ ಕಡೆ ಏನೂ ಇಲ್ವಲ್ಲ ಯಜಮಾನ್ರೇ" ಅಂದ ಕಂಡಕ್ಟರ್. ಪಾಪ, ಅವನ ತಪ್ಪೇನು?

ಎರಡೂವರೆ ಗಂಟೆಯ ಏರು. ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ಬೆಟ್ಟ ಹತ್ತಿದವನಿಗೆ, ಕಾಲಲ್ಲಿ ಹತ್ತುವುದೆಂದರೇನೆಂದು ಅರವತ್ತೆಂಟರಲ್ಲಿ ತಿಳಿಯಿತು. ನೀನು ಬೆನ್ನ ಮೇಲೆ ಉಪಕರಣ ಹೊತ್ತು ಹೇಗೆ ಹತ್ತಿದೆಯೋ!

ಊರು ಚೆನ್ನಾಗಿದೆ ಕಣೋ. ಉಳಿದಿರುವುದು ಇಪ್ಪತ್ತೊಂದು ಮನೆ, ಒಂದು ಕೋಣೆಯ ಶಾಲೆ. ಒಬ್ಬರು ಕೆಮ್ಮಿದರೆ ಊರಿಗೆಲ್ಲ ಕೇಳುವಷ್ಟು ನಿಶ್ಶಬ್ದ. ಶಾಲೆಯ ಗೋಡೆಯಲ್ಲಿ ನಮ್ಮ ನಕ್ಷೆಯೇ ನೇತಾಡುತ್ತಿತ್ತು! ಕೆಳಗಿನ ಬಲಮೂಲೆಯಲ್ಲಿ ಗುರುತುಗಳ ವಿವರ ಬರೆಯುವ ಚೌಕವಿದೆಯಲ್ಲ, ಅದರ ಮಧ್ಯೆ ಮಸಿ ಸವೆದು ಬಿಳಿ ಮಚ್ಚೆಯಾಗಿತ್ತು. ಟೀಚರಮ್ಮ ನಕ್ಕರು: "ಹೊಸ ಮಕ್ಕಳು ನಮ್ಮೂರೆಲ್ಲಿ ಅಂತ ಕೇಳ್ತಾರೆ ಸರ್. ಈ ಚೌಕದ ಕೆಳಗಿದ್ದೀವಿ ಅಂತ ಬೆರಳಿಟ್ಟು ತೋರಿಸ್ತೀನಿ. ಒಬ್ಬಳಂತೂ ಊರು ಕಾಣಿಸ್ಲಿ ಅಂತ ಬ್ಲೇಡಲ್ಲಿ ಕೆರೆಯೋಕೆ ಹೋಗಿದ್ಲು."

ನಾನೂ ನಕ್ಕೆ. ಏನು ಮಾಡಲಿ? ಎಲ್ಲ ಹಾಳೆಗಳಲ್ಲೂ ಚೌಕ ಅದೇ ಮೂಲೆಯಲ್ಲಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಇರಬೇಕೆಂದು ಹಟ ಹಿಡಿಯುತ್ತಿದ್ದವನು ನಾನೇ. "ಇವನು ಹೆಂಡ್ತಿನೂ ಚೌಕ ಹಾಕಿ ಕೂರಿಸ್ತಾನೆ" ಎಂದು ನೀನು ಆಡಿಕೊಳ್ಳುತ್ತಿದ್ದೆ.

ಮರಗೆಲಸದ ಹಿರಿಯರೊಬ್ಬರು ಊಟಕ್ಕೆ ಕರೆದರು. "ಹಿಂದೆ ನಕ್ಷೆಯವರೊಬ್ರು ಬಂದಿದ್ರು, ಉದ್ದ ಕಾಲಿನವ್ರು" ಎಂದು ಶುರುಮಾಡಿದರು. "ಮೂರು ದಿನ ನಮ್ಮನೇಲೇ ಇದ್ದು ಕೊಟ್ಟಿಗೇನೂ ಬಿಡದೆ ಅಳೆದ್ರು. ಇನ್ನು ರಸ್ತೆ ಬರುತ್ತೆ ಅಂದ್ರು. ಕೆಳಗಿಳಿದ್ಮೇಲೆ ನಮ್ಮನ್ನ ಮರೆತುಬಿಟ್ರು. ರಸ್ತೆ ಆ ಕಡೆ ಗುಡ್ಡಕ್ಕೆ ಹೋಯ್ತು. ನನ್ನ ಹೆಂಡ್ತಿಗೆ ಎದೆನೋವು ಬಂದಾಗ ಮಂಚದ ಮೇಲೆ ಹೊತ್ಕೊಂಡು ಇಳಿದ್ವಿ. ಸೇತುವೆ ಕಾಣೋ ಹೊತ್ತಿಗೆ ಹೋಗಿಬಿಟ್ಲು." ಅನ್ನದ ಪಾತ್ರೆ ಹತ್ತಿರ ಎಳೆದುಕೊಂಡು, "ಹೋಗ್ಲಿ ಬಿಡಿ, ಅವ್ರಿಗೂ ನೂರೆಂಟು ಕೆಲ್ಸ ಇರುತ್ತೆ" ಎಂದು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದರು.

ನಿನ್ನನ್ನು ಕ್ಷಮಿಸಿದರು ಕಣೋ, ನಿನ್ನನ್ನು! ಆತ ಮರೆಯಲಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ನೀವೇನು ಕೆಲಸದಲ್ಲಿದ್ರಿ?" ಎಂದು ಕೇಳಿದರು. "ಗುಮಾಸ್ತ" ಎಂದೆ. ನೀರು ಕುಡಿದು ಎದ್ದುಬಿಟ್ಟೆ.

ಇಳಿಯುವಾಗ ದಾರಿಯುದ್ದಕ್ಕೂ ನಿನ್ನ ವಿಚಾರಣೆಯದೇ ನೆನಪು. ನಕ್ಷೆಯಲ್ಲಿ ನಾವಿಲ್ಲ ಎಂದು ಊರವರ ಅರ್ಜಿ ಬಂತು, ಸಾಹೇಬರು ನೀನು ಅಳತೆ ಬರೆದಿಟ್ಟ ಫೀಲ್ಡ್ ಬುಕ್ ತರಿಸಿದರು, ನೋಡಿದರೆ ಆ ಊರಿನ ಪುಟವೇ ಇಲ್ಲ. "ಬೆಟ್ಟ ಹತ್ತದೇನೇ ಹತ್ತಿದೆ ಅಂತೀಯಾ" ಎಂದು ನಿನ್ನನ್ನು ಮನೆಗೆ ಕಳಿಸಿದರು. ಗೆದ್ದಲು ತಿಂದಿರಬೇಕು ಎಂದು ನಾನೊಬ್ಬ ಹೇಳಿದೆ, ಯಾರೂ ನಂಬಲಿಲ್ಲ. ಬೆಟ್ಟಗಳನ್ನು ಅಳೆದ ನೀನು ಟೈಲ್ಸ್ ಅಂಗಡಿ ಸೇರಿ ಜನರ ಬಚ್ಚಲುಮನೆ ಅಳೆದೆ. ಒಂದು ದಿನವೂ ಗೊಣಗಲಿಲ್ಲ.

ಮೊಣಕಾಲಿಗೆ ಜಾಸ್ತಿ ಕೆಲಸ ಕೊಡಬೇಡ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮೊಮ್ಮಗನಿಗೆ ನಿನ್ನ ಕಾಲೇ ಬರಲಿ, ನೂರು ವರ್ಷ ಬಾಳಲಿ.

ನಿನ್ನ
ಮಸಿಕುಡಿಕೆ

ತಾ.ಕ.: ಮರೆತದ್ದನ್ನು ಬರೆಯುತ್ತಿಲ್ಲ, ಧೈರ್ಯ ಬಂದದ್ದು ಈಗ. ಗೆದ್ದಲು ತಿಂದಿರಲಿಲ್ಲ. ನಾನು ಚೌಕ ಎಳೆಯುವಾಗ ನಿನ್ನ ಪುಟ ನನ್ನೆದುರೇ ಇತ್ತು. ಮೂವತ್ತೆಂಟು ಮನೆ, ಒಂದೊಂದರ ಮುಂದೂ ಯಜಮಾನನ ಹೆಸರು. ಚೌಕ ಸರಿಸಿದರೆ ಸಾಲು ಕೆಡುತ್ತದೆಂದು ಊರನ್ನೇ ಬಿಟ್ಟೆ. ಅರ್ಜಿ ಬಂದಾಗ ಹೆದರಿ, ಪುಟ ಹರಿದು ಊಟದ ಡಬ್ಬಿಯಲ್ಲಿ ಮನೆಗೆ ಒಯ್ದು ಒಲೆಗೆ ಹಾಕಿದೆ. ನಿನ್ನನ್ನು ಮನೆಗೆ ಕಳಿಸಿದ ವಾರವೇ ನನ್ನ ಮಗಳು ಹುಟ್ಟಿದಳು. ನೀನು ಆಸ್ಪತ್ರೆಗೆ ಬಂದು ಅವಳನ್ನು ಎತ್ತಿಕೊಂಡು, "ನನ್ನ ಪರವಾಗಿ ಮಾತಾಡಿದೋನು ನೀನೊಬ್ನೇ ಕಣೋ" ಎಂದು ಅತ್ತೆ. ನಾನು ನಿನ್ನ ಬೆನ್ನು ಸವರಿದೆ.