ಕಾರಿನಿಂದಲೇ ಕಾಣುವ ಜಲಪಾತಗಳು

ತಮ್ಮನಿಗೆ ಅಕ್ಕನ ಆಶೀರ್ವಾದ.

ದೇವರ ದಯೆಯಿಂದ ಈ ಉತ್ತರದ ಕಡೆ ಮೂರು ದಿನದಲ್ಲಿ ನಾಲ್ಕು ಜಲಪಾತ ನೋಡಿದೆ. ನಾಲ್ಕೂ ರಸ್ತೆಯ ಪಕ್ಕದಲ್ಲೇ. ಒಂದಂತೂ ಕಾರಿನ ಗಾಜಿಗೇ ಹನಿ ಸಿಡಿಸಿತು. ಬೆಟ್ಟ ಕಂಡರೆ ಮೇಕೆಯಂತೆ ಹತ್ತುವ ಅಳಿಯ, ಮೆಟ್ಟಿಲಿರುವ ಜಲಪಾತ ಬಂದರೆ ಕಾರು ನಿಲ್ಲಿಸುವುದೇ ಇಲ್ಲ. ಕೇಳಿದರೆ, "ಎಲ್ಲಾ ಒಂದೇ ನೀರು ಬಿಡಿ ಅತ್ತೆ" ಅನ್ನುತ್ತಾನೆ. ಮಗಳು ನನ್ನ ಕೈಚೀಲವನ್ನೂ ಹೊರಲು ಬಿಡುತ್ತಿಲ್ಲ. "ಏನೇ, ನಾನೇನು ಬಸುರಿಯಾ?" ಅಂದೆ. ನಗಬೇಕಾದವಳು ಮುಖ ತಿರುಗಿಸಿದಳು.

ನನ್ನ ಎದೆ ಪರೀಕ್ಷೆಯ ಇಂಗ್ಲಿಷ್ ವರದಿ ತಂದು ಓದಿದವನು ನೀನು. "ಏನಿಲ್ಲಕ್ಕ, ಬರೀ ಗ್ಯಾಸು" ಅಂದಿದ್ದೆ. ಇವತ್ತು ಅವರು ಚಹಾಕ್ಕೆ ಹೋದಾಗ ನಾನೊಬ್ಬಳೇ ರಸ್ತೆ ಪಕ್ಕದ ಗುಡಿಯ ಮೂವತ್ತು ಮೆಟ್ಟಿಲು ಹತ್ತಿಬಂದೆ. ಉಸಿರು ಸ್ವಲ್ಪ ಕಟ್ಟಿತು, ಅಷ್ಟೇ.

ಮುಂದಿನ ವಾರ ಬರುತ್ತೇನೆ. ಅಷ್ಟರಲ್ಲಿ ಇನ್ನೊಂದು ಸುಳ್ಳು ಹುಡುಕಬೇಡ. ವರದಿಯನ್ನು ದೇವರ ಮುಂದೆ ಇಟ್ಟಿರು, ಅಲ್ಲೇ ಕೂತು ಓದಿ ಹೇಳುವೆಯಂತೆ. ಅಳಿಯ ಹಾರನ್ ಹೊಡೆಯುತ್ತಿದ್ದಾನೆ.

ಅಕ್ಕ